ಸೀಟಿನ ಕೆಳಗಿನ ಮೂರು ನೂಲು

"ತಾಈ, ಹೇ ದೋರೇ ಕಾಪೂ ಕಾ?"

ಹೋದ ವಾರ ಕೊಲ್ಲಾಪುರದ ಸೈಕಲ್ ಅಂಗಡಿಯಲ್ಲಿ ಮೆಕ್ಯಾನಿಕ್ ಕೈಯಲ್ಲಿ ಕತ್ತರಿ ಹಿಡಿದು ಕೇಳಿದ. ನನ್ನ ಸೈಕಲ್ಲಿನ ಸೀಟಿನ ಕೆಳಗೆ ಮೂರು ನೂಲು ಜೋತಾಡುತ್ತಿರುತ್ತವೆ. ಉದ್ದದ್ದು ನೀಲಿ, ಅದಕ್ಕಿಂತ ತುಸು ಗಿಡ್ಡದ್ದು ಕೆಂಪು, ಎಲ್ಲಕ್ಕಿಂತ ಗಿಡ್ಡದ್ದು ಹಳದಿ. ಧೂಳು, ಎಣ್ಣೆ ಕುಡಿದು ಮೂರೂ ಈಗ ಹೆಚ್ಚುಕಡಿಮೆ ಒಂದೇ ಬಣ್ಣಕ್ಕೆ ಬಂದಿವೆ. ದೃಷ್ಟಿ ತಾಕದಿರಲೆಂದು ಕಟ್ಟಿದ ದಾರ, ಹಳೆಯದಾಗಿದೆ, ಕತ್ತರಿಸಿ ಬಿಸಾಡೋಣ ಎಂಬುದು ಅವನ ವಿಚಾರ.

"ನಕೋ ನಕೋ!" ಎಂದು ನಾನು ಕೂಗಿದ ರಭಸಕ್ಕೆ ಅವನು ಕತ್ತರಿ ಕೆಳಗಿಟ್ಟ. ದೃಷ್ಟಿ, ದೋಷ, ಮುಹೂರ್ತ ಇವನ್ನೆಲ್ಲ ಎದುರಿಗೆ ಕೂರಿಸಿಕೊಂಡು ಸವಾಲು ಹಾಕಿ ಸೋಲಿಸುವುದು ನನ್ನ ಚಟ. ಅಂಥವಳು ಮೂರು ದಾರಕ್ಕೆ ಇಷ್ಟು ಗಾಬರಿಯಾದದ್ದು ನನಗೇ ನಗು ತರಿಸಿತು. ಅಂಗಡಿಯ ತುಂಬ ಹೊಸ ರಬ್ಬರಿನ ವಾಸನೆ. ಹೊರಗೆ ರಸ್ತೆಯಲ್ಲಿ ಕಬ್ಬಿನ ಟ್ರಾಲಿ ಹೋಗುತ್ತಿತ್ತು. ಹೊಸ ಟೈರಿನ ವಾಸನೆಗೆ ಹಸಿ ಕಬ್ಬಿನ ವಾಸನೆ ಬೆರೆತರೆ ನನಗೆ ಒಂದೇ ಒಂದು ಚಳಿಗಾಲ ನೆನಪಾಗುತ್ತದೆ. ನಾನೂ ಶಾಂತಾ ಅತ್ತಿಯೂ ಸೇರಿ ಈ ಸೈಕಲ್ ಕೊಂಡ ಚಳಿಗಾಲ.

ಅತ್ತಿ ಅಂದರೆ ಅಪ್ಪನ ತಂಗಿ. ನಮ್ಮದು ಮೂಲ ಗಡಹಿಂಗ್ಲಜ ತಾಲೂಕಿನ ಮಹಾಗಾಂವ. ಮಗ್ಗಗಳ ಬೆನ್ನು ಹತ್ತಿ ಅಪ್ಪ ಇಚಲಕರಂಜಿಗೆ ಬಂದ, ಅಪ್ಪನ ಬೆನ್ನು ಹತ್ತಿ ಅತ್ತಿ ಬಂದಳು. ಅಪ್ಪ ಪವರ್‌ಲೂಮ್ ಶೆಡ್ಡಿನಲ್ಲಿ ಜಾಬರ್. ಕೆಟ್ಟು ನಿಂತ ಮಗ್ಗವನ್ನು ಬೈದು, ಬಡಿದು ಮತ್ತೆ ಓಡಿಸುವವನು. ಅತ್ತಿ ಅದೇ ಶೆಡ್ಡಿನ ಮೂಲೆಯಲ್ಲಿ ಕಾಂಡಿ ತುಂಬುತ್ತಾಳೆ, ಅಂದರೆ ಲಾಳಿಯೊಳಗೆ ಕೂರುವ ಕಡ್ಡಿಗಳಿಗೆ ಮಷೀನಿನ ಮೇಲೆ ನೂಲು ಸುತ್ತುತ್ತಾಳೆ. ಅವಳು ಮದುವೆಯಾಗಿಲ್ಲ. ಏಕೆ ಎಂದು ಕೇಳಿದವರಿಗೆಲ್ಲ ಬೇರೆ ಬೇರೆ ಉತ್ತರ ಕೊಟ್ಟು, ಕೇಳಿದವರೇ ತಮ್ಮತಮ್ಮೊಳಗೆ ವಾದ ಮಾಡುವಂತೆ ಮಾಡಿದ್ದಾಳೆ. ನಾನು ಶಿರೋಳಿಯ ಒಂದು ಫೌಂಡ್ರಿಯ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಕಾಲೇಜಿನ ವರ್ಷಗಳನ್ನೆಲ್ಲ ಚರ್ಚಾಸ್ಪರ್ಧೆಗಳಿಗೆ ಕೊಟ್ಟವಳು. ಮನೆಯಲ್ಲಿ ನನ್ನನ್ನು ಹೆಸರಿನಿಂದ ಕರೆಯುವುದು ಕಡಿಮೆ, "ವಕೀಲಬಾಯಿ" ಅನ್ನುತ್ತಾರೆ.

ಸೈಕಲ್ಲಿನ ಬೀಜ ಬಿದ್ದದ್ದು ಆ ಚಳಿಗಾಲದ ಹಿಂದಿನ ವರ್ಷದ ಎಳ್ಳಮಾಸಿಗೆ. ಆ ಅಮಾವಾಸ್ಯೆಯ ದಿನ ನಮ್ಮ ಕಡೆ ಎಲ್ಲರೂ ಹೊಲಕ್ಕೆ ಹೋಗಿ ಭೂಮಿತಾಯಿಗೆ ಪೂಜೆ ಮಾಡಿ, ತಂದ ಅಡಿಗೆಯಲ್ಲಿ ಒಂದಿಷ್ಟನ್ನು ಚರಗ ಎಂದು ಬೆಳೆಯ ಮೇಲೆ ಚೆಲ್ಲಿ, ಅಲ್ಲೇ ಕೂತು ಉಣ್ಣುತ್ತೇವೆ. ಅಪ್ಪನ ಅಕ್ಕ ಮಹಾದೇವಿ, ನನಗೆ ದೊಡ್ಡ ಅತ್ತಿ, ಮಹಾಗಾಂವದಲ್ಲೇ ಮದುವೆಯಾಗಿ ಉಳಿದವಳು. ಹೊಲ ಅವಳದು, ಹಬ್ಬ ಅವಳದು, ನಾವೆಲ್ಲ ಎಸ್ಟಿ ಬಸ್ಸಿನಲ್ಲಿ ಹೋಗಿ ಇಳಿಯುವ ನೆಂಟರು. ಶಾಂತಾ ಅತ್ತಿ ಬಸ್ಸಿನಿಂದ ಇಳಿದಾಗಲೆಲ್ಲ ದೊಡ್ಡ ಅತ್ತಿಯದು ಒಂದೇ ಮಾತು.

"ಬಂದ್ಲು ನೋಡ್ರಿ, ನಮ್ಮ ಕ್ಯಾರಿಯರ್ ಶಾಂತಿ!"

ಅದರ ಹಿಂದೆ ಕಥೆಯಿದೆ. ಹುಡುಗಿಯರಾಗಿದ್ದಾಗ ಗಡಹಿಂಗ್ಲಜದ ಹೈಸ್ಕೂಲಿಗೆ ಇಬ್ಬರೂ ಒಂದೇ ಸೈಕಲ್ಲಿನ ಮೇಲೆ ಹೋಗುತ್ತಿದ್ದರು. ಅಕ್ಕ ತುಳಿಯುವಳು, ತಂಗಿ ಕ್ಯಾರಿಯರ್ ಮೇಲೆ. ಅಕ್ಕನ ಮದುವೆಯಾಯಿತು, ಸೈಕಲ್ ಅಪ್ಪನ ಪಾಲಿಗೆ ಹೋಯಿತು. ತಂಗಿಗೆ ಬಂದದ್ದು ಆ ಅಡ್ಡಹೆಸರು ಮಾತ್ರ. ಇಚಲಕರಂಜಿಗೆ ಬಂದ ಮೇಲೆ ಅತ್ತಿ ತಾನೇ ಸೈಕಲ್ ಕಲಿತಳು, ಡೇರಿಗೆ, ಶೆಡ್ಡಿಗೆ ಅದರ ಮೇಲೆಯೇ ಓಡಾಡಿದಳು. ಆದರೆ ಮಹಾಗಾಂವದಲ್ಲಿ ಅದನ್ನು ಕಣ್ಣಾರೆ ಕಂಡವರು ಯಾರು? ಅಲ್ಲಿ ಅವಳು ಕ್ಯಾರಿಯರ್ ಶಾಂತಿಯೇ.

ಆ ವರ್ಷ ಅದೇನು ಹೊಳೆಯಿತೋ, ಕೈಯಲ್ಲಿ ಚರಗದ ಬುಟ್ಟಿ ಹಿಡಿದು ಹೊಲದ ನಡುವೆ ನಿಂತು ಅತ್ತಿ ಘೋಷಿಸಿದಳು. "ಮುಂದಿನ ಎಳ್ಳಮಾಸಿಗೆ ಇಚಲಕರಂಜಿಯಿಂದ ಇಲ್ಲೀತನಕಾ ಸೈಕಲ್ ತುಳಕೋತ ಬರ್ತೇನಿ. ಯಾರ ಕ್ಯಾರಿಯರೂ ಬ್ಯಾಡ ನನಗ."

ಹೊಲವೆಲ್ಲ ನಕ್ಕಿತು. ದೊಡ್ಡ ಅತ್ತಿ ಎಲ್ಲರಿಗಿಂತ ಜೋರಾಗಿ ನಕ್ಕು ಮೇಲೊಂದು ಮಾತು ಸೇರಿಸಿದಳು. "ನೀ ಹಂಗ ಬಂದ್ರ, ನಾ ನಿನ್ನ ಕ್ಯಾರಿಯರ್ ಮ್ಯಾಲ ಕುಂತು ಈ ಹೊಲಾ ಒಂದ ಸುತ್ತ ಹಾಕ್ತೇನಿ. ಆತಿಲ್ಲೋ?"

"ಆತು," ಎಂದಳು ಅತ್ತಿ.

ನನಗೆ ಆ ಹೊತ್ತಿಗೆ ಬೇರೆಯೇ ಹುಚ್ಚು ಹಿಡಿದಿತ್ತು. ಭಾನುವಾರ ಬೆಳಗ್ಗೆ ಕೊಲ್ಲಾಪುರ ರಸ್ತೆಯಲ್ಲಿ ಹೆಲ್ಮೆಟ್ ಹಾಕಿ ಸಾಲಾಗಿ ಹೋಗುವವರನ್ನು ನೋಡಿ ನೋಡಿ, ಅವರ ಹಾಗೆ ಒಂದೇ ದಿನ ಇನ್ನೂರು ಕಿಲೋಮೀಟರ್ ತುಳಿಯಬೇಕು ಅನ್ನಿಸಿತ್ತು. ಮೊಬೈಲಿನಲ್ಲಿ ಸಿಕ್ಕಿದ್ದೆಲ್ಲ ಓದುತ್ತಿದ್ದೆ. ಅತ್ತಿ ನನ್ನ ಭುಜದ ಮೇಲಿಂದ ಇಣುಕಿ ಚಿತ್ರ ನೋಡುತ್ತಿದ್ದಳು. ದೀಪಾವಳಿ ಮುಗಿದ ಮೇಲೆ ಒಂದು ಸಂಜೆ ಅವಳೇ ಪ್ರಸ್ತಾವ ಇಟ್ಟಳು.

"ಅರ್ಧಾ ನಿಂದು, ಅರ್ಧಾ ನಂದು. ಒಂದ ಸೈಕಲ್ ತರೋಣು."

"ಒಂದು ಸೈಕಲ್, ಎರಡು ಮೈ. ಹೆಂಗ ಹೊಂದತೈತಿ ಅತ್ತಿ?"

"ನಿಮ್ಮಪ್ಪ ಒಬ್ಬಾಂವ ಎಷ್ಟ ಮಗ್ಗಕ್ಕ ಹೊಂದ್ಕೊಂಡಾನ? ಸೈಕಲ್ ನಮಗ ಹೊಂದ್ಕೋತೈತಿ, ಬಿಡ."

ವಾದ ದುರ್ಬಲವಾಗಿತ್ತು, ಆದರೆ ನನ್ನ ಕೈಯಲ್ಲಿ ಇಡೀ ಸೈಕಲ್ಲಿನ ಹಣ ಇರಲಿಲ್ಲ. ಒಪ್ಪಿದೆ.

ಮೊದಲು ಪ್ರಯೋಗ. ಫೌಂಡ್ರಿಯ ಎಂಜಿನಿಯರ್ ಒಬ್ಬರ ರೇಸಿಂಗ್ ಸೈಕಲ್ಲನ್ನು ಒಂದು ದಿನದ ಮಟ್ಟಿಗೆ ಬೇಡಿ ತಂದೆ. ಹ್ಯಾಂಡಲ್ ದೂರ, ಅದೂ ಸೀಟಿಗಿಂತ ಕೆಳಗೆ. ಉದಗಾಂವದ ತನಕ ಹೋಗಿ ಬರುವಷ್ಟರಲ್ಲಿ ನನ್ನ ಕುತ್ತಿಗೆ ಮರಗಟ್ಟಿ, ಎರಡು ದಿನ ಆಫೀಸಿನಲ್ಲಿ ಯಾರು ಕರೆದರೂ ಇಡೀ ಮೈ ತಿರುಗಿಸಿ ನೋಡಬೇಕಾಯಿತು. ಅತ್ತಿ ಓಣಿಯ ತುದಿ ಮುಟ್ಟಿ ಬಂದು ಇಳಿದಳು.

"ಇದು ಸೈಕಲ್ ಅಲ್ಲವಾ, ದೀಡ ನಮಸ್ಕಾರ. ಎದುರಿಗೆ ದೇವರು ಇದ್ರ ಹಾಕಬಹುದಾಗಿತ್ತು. ಅಲ್ಲಿ ಎಮ್ಮಿ ನಿಂತಿತ್ತು."

ಹಾಗಾದರೆ ಆರಾಮದ ಸೈಕಲ್ ಯಾವುದು? ಓಣಿಗೆ ಓಣಿಯೇ ಉತ್ತರ ಕೊಡಲು ನಿಂತಿತು. ದಪ್ಪ ಸ್ಪಂಜಿನ ಸೀಟು ಇರಬೇಕು. ಮುಂದೆ ಹಿಂದೆ ಸ್ಪ್ರಿಂಗ್ ಇರಬೇಕು. ಮೋಟಾರ್‌ಸೈಕಲ್ಲಿನಂಥ ಟೈರು ಇರಬೇಕು. ನಾನು ಒಬ್ಬೊಬ್ಬರನ್ನೂ ಹಿಡಿದು ಖಂಡಿಸಿದೆ. ಮೆತ್ತಗಿರುವುದೇ ಆರಾಮ ಎಂಬುದು ಬಜಾರಕ್ಕೆ ಹೋಗಿ ಬರುವವರ ನಂಬಿಕೆ. ಅರ್ಧ ದಿನ ಕೂತರೆ ಸ್ಪಂಜು ಕುಸಿದು, ಒತ್ತಬಾರದ ಕಡೆ ಒತ್ತುತ್ತದೆ. ಸ್ಪ್ರಿಂಗು ತುಳಿದ ಶಕ್ತಿಯಲ್ಲಿ ತನ್ನ ಪಾಲು ತಿನ್ನುತ್ತದೆ. ನಿಜವಾದ ಆರಾಮ ಮೈ ಕೂರುವ ರೀತಿಯಲ್ಲಿದೆ: ಹ್ಯಾಂಡಲ್ ತುಸು ಎತ್ತರಕ್ಕೆ, ತುಸು ಹತ್ತಿರಕ್ಕೆ ಬರಬೇಕು; ಎರಡು ಗಾಲಿಗಳ ನಡುವಿನ ಅಂತರ ಹೆಚ್ಚಿ ಸೈಕಲ್ ನಿರಾಳವಾಗಿ ಓಡಬೇಕು; ಟೈರು ರೇಸಿನದಕ್ಕಿಂತ ಅಗಲವಾಗಿದ್ದು, ಅದರೊಳಗೆ ಗಾಳಿ ಕಡಿಮೆ ಇರಬೇಕು. ದೂರದ ದಾರಿಗೆಂದೇ ಇಂಥವನ್ನು ಮಾಡುತ್ತಾರೆ, ಎಂಡ್ಯೂರೆನ್ಸ್ ರೋಡ್ ಬೈಕ್ ಅನ್ನುತ್ತಾರೆ.

ಅಪ್ಪ ಎಲ್ಲ ಕೇಳಿ ಫೋಟೋ ನೋಡಿದ. "ಸ್ಟ್ಯಾಂಡ್ ಇಲ್ಲ. ಕ್ಯಾರಿಯರ್ ಇಲ್ಲ. ಗಂಟಿನೂ ಇಲ್ಲ. ಮತ್ತ ಏನೈತಿ ಇದರಾಗ?"

"ಸೈಕಲ್ ಐತಿ," ಎಂದಳು ಅತ್ತಿ.

ಸೀಟಿನ ಅಗಲ ಕೂರುವ ಎಲುಬಿನ ಅಗಲಕ್ಕೆ ಸರಿಯಾಗಿರಬೇಕು ಎಂದು ಓದಿದ್ದೆ. ಅಳೆಯುವ ಉಪಾಯವೂ ಗೊತ್ತಾಗಿತ್ತು: ರಟ್ಟಿನ ಮೇಲೆ ಕೂತು ಎದ್ದರೆ ಎರಡು ತಗ್ಗು ಬೀಳುತ್ತವೆ, ಅವುಗಳ ಅಂತರ ಅಳೆಯಬೇಕು. ನೂಲಿನ ಕೋನ್ ಬರುವ ರಟ್ಟಿನ ಡಬ್ಬಿಗಳಿಗೆ ನಮ್ಮ ಊರಿನಲ್ಲಿ ಬರವಿಲ್ಲ. ಒಂದನ್ನು ಬಿಚ್ಚಿ ಕಟ್ಟೆಯ ಮೇಲೆ ಹಾಸಿದೆ. ಅತ್ತಿ ಗಂಭೀರವಾಗಿ ಕೂತಳು. ಓಣಿಯ ಹೆಂಗಸರು ಸುತ್ತ ನೆರೆದರು.

"ಏನ್ ನಡದೈತ್ರಿ ಶಾಂತಕ್ಕಾ?"

"ನಮ್ಮ ವಕೀಲಬಾಯಿ ನನ್ನ ಕುಂಡಿ ಪಂಚನಾಮಾ ಮಾಡಾಕತ್ತಾಳ. ನೀವೂ ಸಾಕ್ಷಿ ಇರ್ರಿ."

ನನ್ನ ತಗ್ಗುಗಳೂ ಅವಳ ತಗ್ಗುಗಳೂ ಹೆಚ್ಚುಕಡಿಮೆ ಒಂದೇ ಅಂತರಕ್ಕೆ ಬಿದ್ದವು. ಒಂದು ಸೈಕಲ್, ಎರಡು ಮೈ ಎಂಬ ಅವಳ ಪಕ್ಷಕ್ಕೆ ಸಿಕ್ಕ ಮೊದಲ ಪುರಾವೆ ಅದು.

ಕೊಲ್ಲಾಪುರಕ್ಕೆ ಹೋದೆವು. ಅಂಗಡಿಯವನು ಒಂದು ಸೈಕಲ್ಲಿನ ಬೆನ್ನು ಸವರುತ್ತ, "ಏಕದಂ ಆರಾಮದಾಯಿ ಆಹೇ, ಮ್ಯಾಡಮ್," ಎಂದ.

"ಕಶಾಪೇಕ್ಷಾ?" ಎಂದೆ. ಯಾವುದಕ್ಕಿಂತ? ಚರ್ಚಾಸ್ಪರ್ಧೆಯಲ್ಲಿ ಇದು ನನ್ನ ಮೆಚ್ಚಿನ ಅಸ್ತ್ರ. ಎದುರಾಳಿ ಉತ್ತಮ, ಸುಲಭ, ಹೆಚ್ಚು ಎಂದು ಏನೇ ಹೇಳಲಿ, ಈ ಒಂದು ಪ್ರಶ್ನೆ ಎಸೆದರೆ ಅರ್ಧ ಜನ ಅಲ್ಲೇ ತೊದಲುತ್ತಾರೆ.

ಅವನು ತೊದಲಲಿಲ್ಲ. ತುಸು ಯೋಚಿಸಿ, "ಉಭಂ ರಾಹಣ್ಯಾಪೇಕ್ಷಾ," ಎಂದ. ನಿಂತುಕೊಳ್ಳುವುದಕ್ಕಿಂತ.

ಅತ್ತಿ ಅಂಗಡಿ ತುಂಬುವ ಹಾಗೆ ನಕ್ಕಳು. "ಇಂವ ಖರೇ ಮನಷ್ಯಾ ಅದಾನ. ಇವನ ಕಡೇನ ತಗೊಳ್ಳೋಣು."

ಅಲ್ಲಿಂದ ಮುಂದೆ ನನ್ನ ಸೋಲಿನ ಸರಣಿ. ಮೊದಲನೆಯದು ಅಳತೆ. ನನಗೆ ಮಧ್ಯಮ ಅಳತೆಯ ಫ್ರೇಮು, ಗಿಡ್ಡಗಿರುವ ಅತ್ತಿಗೆ ಸಣ್ಣದು. ಹೆಚ್ಚು ದೂರ ಹೋಗುವವಳು ನಾನು, ನನ್ನ ಅಳತೆಯೇ ನ್ಯಾಯ ಎಂದು ವಾದಿಸಿದೆ. ಅತ್ತಿ ಮಧ್ಯಮ ಸೈಕಲ್ಲಿನ ಮೇಲಿನ ಕೊಳವೆಯನ್ನು ದಾಟಿ ನಿಂತು ಮುಖ ಕಿವುಚಿದಳು. "ಸೀಟ ಏರಸಾಕ ಬರ್ತೈತಿ. ಈ ಪೈಪ ಇಳಸಾಕ ಬರ್ತೈತೇನ?" ಬರುವುದಿಲ್ಲ. ಸಣ್ಣದನ್ನೇ ತೆಗೆದುಕೊಂಡು, ನನಗಾಗಿ ಸೀಟು ಏರಿಸುವುದೆಂದು ತೀರ್ಮಾನವಾಯಿತು.

ಎರಡನೆಯದು ಹಿಂದಿನ ಗಾಲಿಯ ಹಲ್ಲುಚಕ್ರ. ಒಂದೇ ತರದ ಎರಡು ಸೈಕಲ್ ಇದ್ದವು. ಒಂದರ ದೊಡ್ಡ ಚಕ್ರ ಸಾಧಾರಣ, ಇನ್ನೊಂದರದು ನೋಡಲು ಅಸಹ್ಯ ಎನ್ನುವಷ್ಟು ದೊಡ್ಡದು. ದೊಡ್ಡದಿದ್ದಷ್ಟು ಏರಿನಲ್ಲಿ ಹಗುರ, ಆದರೆ ನಮ್ಮ ಕಡೆ ನೆಲ ಸಪಾಟು, ಸುಮ್ಮನೆ ಅದರ ಭಾರ ಏಕೆ ಹೊರಬೇಕು ಎಂಬುದು ನನ್ನ ನಿಲುವು. ಅತ್ತಿ ಎರಡನ್ನೂ ನೋಡಿದಳು.

"ರೇಟ್ ಒಂದ ಏನ್ರಿ?"

"ಹೋ, ಏಕಚ್."

"ಹಂಗಾದ್ರ ರೊಟ್ಟಿಯಷ್ಟ ದೊಡ್ಡದು ಇರೋದನ್ನ ಕೊಡ್ರಿ."

ಇದು ವಾದವೇ ಅಲ್ಲ ಎಂದೆ. ಒಂದೇ ಬೆಲೆಗೆ ದೊಡ್ಡ ಗಡ್ಡೆಕೋಸು ಆರಿಸುವ ಸಂತೆಯ ಬುದ್ಧಿ ಎಂದೆ. ಅಂಗಡಿಯವನು ಅತ್ತಿಯ ಕಡೆ ನಿಂತ. ರೊಟ್ಟಿಯ ಸೈಕಲ್ ಮನೆಗೆ ಬಂತು.

ಸರದಿಯ ಮೇಲೆ ಓಡಿಸತೊಡಗಿದೆವು. ಪ್ರತಿ ಸಲ ಸೀಟು ಏರಿಸುವುದು, ಇಳಿಸುವುದು. ಒಂದು ಬೆರಳು ಹೆಚ್ಚಾದರೂ ಅವಳ ಮೊಣಕಾಲು ದೂರುತ್ತಿತ್ತು, ಕಡಿಮೆಯಾದರೆ ನನ್ನದು. ಮೂರನೆಯ ಜಗಳಕ್ಕೆ ಅತ್ತಿ ಶೆಡ್ಡಿನಿಂದ ನೂಲು ತಂದಳು. ಇಬ್ಬರಿಗೂ ಸರಿಯಾದ ಎತ್ತರ ಒಮ್ಮೆ ನೋಡಿಕೊಂಡು, ಸೀಟಿನ ಕೆಳಗಿನ ತಂತಿಗೆ ಎರಡು ನೂಲು ಕಟ್ಟಿ ಇಳಿಬಿಟ್ಟಳು. ನೂಲಿನ ತುದಿ ಫ್ರೇಮಿನ ಕೊರಳಿಗೆ ಮುಟ್ಟಿದರೆ ಎತ್ತರ ಸರಿ. ನೀಲಿ ನನಗೆ, ಕೆಂಪು ಅವಳಿಗೆ.

ಬಟ್ಟೆಯಲ್ಲಿ ಎಳೆ ತಪ್ಪಿದ ಕಡೆ ಅಂಚಿಗೆ ಬಣ್ಣದ ನೂಲು ಕಟ್ಟಿ ಗುರುತು ಮಾಡುವುದು ನಮ್ಮೂರ ಶೆಡ್ಡುಗಳ ರೂಢಿ. ನಾನು ಕೇಳಿದೆ. "ಅಂದ್ರ ನಾವಿಬ್ರೂ ಇದರಾಗಿನ ಡಿಫೆಕ್ಟ್ ಅಂತೇನ ಅತ್ತಿ?"

"ನಾ ಅಲ್ಲ. ನೀಲಿದು ಇದ್ರೂ ಇರಬಹುದು."

ಆ ಚಳಿಗಾಲದ ಬೆಳಗುಗಳು ಈಗಲೂ ಕಣ್ಣಿಗೆ ಕಟ್ಟುತ್ತವೆ. ರಾತ್ರಿಪಾಳಿಯ ಮಗ್ಗಗಳ ಸದ್ದು ಓಣಿಯ ಗೋಡೆಗಳಿಗೆ ಅಂಟಿಕೊಂಡಿರುವಾಗಲೇ ಅತ್ತಿ ಹೊರಡುತ್ತಿದ್ದಳು. ಚೂಡಿದಾರದ ಮೇಲೆ ಅಪ್ಪನ ಹಳೆಯ ತುಂಬುತೋಳಿನ ಅಂಗಿ, ತಲೆಗೆ ಹೆಲ್ಮೆಟ್, ಕೊರಳಿಗೆ ಮಫ್ಲರ್. "ಎಲ್ಲಿ ಕುಸ್ತಿ ಐತ್ರಿ ಪೈಲ್ವಾನ್ರ?" ಎಂದು ಚಹಾದಂಗಡಿಯವರು ಕೂಗುತ್ತಿದ್ದರು. "ನಿನ್ನ ಜೋಡಿನ! ತಯಾರಾಗಿರು, ಬಂದೆ," ಎನ್ನುತ್ತ ಅವಳು ಮಂಜಿನೊಳಗೆ ಹೋಗಿಬಿಡುತ್ತಿದ್ದಳು. ಉದಗಾಂವದ ಕಡೆ ಕೃಷ್ಣೆಯ ಸೇತುವೆ ಮುಟ್ಟಿ, ಟ್ರಾಲಿಯಿಂದ ಬಿದ್ದ ಕಬ್ಬು ಅಗಿಯುತ್ತ ಮರಳುತ್ತಿದ್ದಳು. ಕೆಲಸದ ಹೊತ್ತಿಗೆ ಕಾಂಡಿ ಮಷೀನಿನ ಮುಂದೆ.

ಅಪ್ಪನದು ಮಾತ್ರ ಬೇರೆ ಯುದ್ಧ. ಟೈರನ್ನು ಹೆಬ್ಬೆರಳಿನಿಂದ ಒತ್ತಿ, ಅದು ಕಲ್ಲಿನ ಹಾಗಿದ್ದರೆ ಮಾತ್ರ ಗಾಳಿ ಇದೆ ಎಂದು ಒಪ್ಪುವ ಜಾತಿ ನಮ್ಮ ಊರಿನ ಗಂಡಸರದು. ನಾನು ಲೆಕ್ಕ ಹಾಕಿ ಗಾಳಿ ಬಿಡುತ್ತಿದ್ದೆ. ಅಪ್ಪ ಪಂಕ್ಚರ್ ಆಗಿದೆ ಎಂದು ತಿಳಿದು ಪ್ರೀತಿಯಿಂದ ತುಂಬುತ್ತಿದ್ದ.

"ಗಾಳಿ ಕಡಿಮಿ ಇದ್ರ ಆರಾಮ ಅಪ್ಪಾ, ತಗ್ಗ ದಿನ್ನಿ ಟೈರ ನುಂಗತೈತಿ."

"ಗಾಳಿ ಪುಕ್ಕಟ ಸಿಗತೈತಿ. ಅದರಾಗೂ ಜಿಪುಣತನಾ ಏನ ನಿಂದು?"

ಹೀಗೆ ನಡೆದಿರುವಾಗ ಸುದ್ದಿ ಬಂತು. ನಾನು ಕಾಯುತ್ತಿದ್ದ ಇನ್ನೂರು ಕಿಲೋಮೀಟರಿನ ಸವಾರಿ ಕೊಲ್ಲಾಪುರದಿಂದ ಹೊರಡುವ ದಿನ ಗೊತ್ತಾಯಿತು. ಭಾನುವಾರ. ಅದೇ ಭಾನುವಾರ ಎಳ್ಳಮಾಸಿ.

ಅತ್ತಿ, "ನೀ ಹೋಗವಾ. ನಾ ಎಂದಿನ್ಹಂಗ ಎಸ್ಟಿಗೆ ಹೋಗ್ತೇನಿ," ಎಂದಳು. ಎದ್ದು ಒಳಗೆ ಹೋಗಿ ಹಿಟ್ಟು ಸಾಣಿಸತೊಡಗಿದಳು.

ಎದುರಾಳಿ ಇಷ್ಟು ಬೇಗ ಸೋಲೊಪ್ಪಿದರೆ ಎಚ್ಚರವಾಗಿರಬೇಕು ಎಂದು ನನಗೆ ಕಲಿಸಿದ್ದಾರೆ. ಇಲ್ಲಿ ತಂತ್ರವೇನೂ ಇರಲಿಲ್ಲ, ಅದೇ ಕಷ್ಟವಾಯಿತು. ಅವಳು ವಾದ ಮಾಡಿದ್ದರೆ ಗೆಲ್ಲುತ್ತಿದ್ದೆ. ಅಪ್ಪ ಲೋಟ, ಚಮಚ ಮುಂದಿಟ್ಟುಕೊಂಡು ಕೂತ. ನಮ್ಮ ಮನೆಯಲ್ಲಿ ಅವನೇ ನಿರ್ಣಾಯಕ. ಮಾತು ಉದ್ದವಾದರೆ ಲೋಟಕ್ಕೆ ಚಮಚ ಬಡಿಯುತ್ತಾನೆ.

"ಹೂಂ. ಹೇಳ ನಿನ್ನ ಪಕ್ಷ."

ಹೇಳಿದೆ. ವರ್ಷವಿಡೀ ಕಾದದ್ದು ನಾನು. ಬೆನ್ನು, ಕಾಲು ತಯಾರು ಮಾಡಿಕೊಂಡದ್ದು ನಾನು. ಮಹಾಗಾಂವದ ದಾರಿಯಲ್ಲಿನ ಘಾಟ್ ಹತ್ತುವುದು ಅತ್ತಿಗೆ ಆಗುತ್ತದೆ ಎನ್ನಲು ಪುರಾವೆಯಿಲ್ಲ. ಅರ್ಧ ಸೈಕಲ್ ನನ್ನದು.

"ಅಕೀದ ಪಕ್ಷ ಯಾರ ಹೇಳವ್ರು? ಅಕಿ ಹಿಟ್ಟ ಸಾಣಸಾಕತ್ತಾಳ."

ಯಾರೂ ಇರಲಿಲ್ಲ. ಚರ್ಚೆಯ ನಿಯಮದ ಪ್ರಕಾರ ಒಂದು ಪಕ್ಷ ಖಾಲಿ ಬಿಡುವಂತಿಲ್ಲ. ನಾನೇ ಎದ್ದು ಆ ಕಡೆಯ ಕುರ್ಚಿಯಲ್ಲಿ ಕೂತೆ. ಕೊಲ್ಲಾಪುರದ ಸವಾರಿ ಚಳಿಗಾಲ ಮುಗಿಯುವುದರೊಳಗೆ ಇನ್ನೊಮ್ಮೆ ಬರುತ್ತದೆ, ಎಳ್ಳಮಾಸಿ ಬರುವುದಿಲ್ಲ ಎಂದೆ. ನನ್ನ ಸವಾರಿಯಲ್ಲಿ ನಾನು ಯಾರಿಗೂ ಮಾತು ಕೊಟ್ಟಿಲ್ಲ, ಅತ್ತಿ ಹೊಲದ ನಡುವೆ ನಿಂತು ಕೊಟ್ಟಿದ್ದಾಳೆ ಎಂದೆ. ಆಗುವುದಿಲ್ಲ ಎನ್ನಲೂ ಪುರಾವೆಯಿಲ್ಲವಲ್ಲ ಎಂದೆ. ಮತ್ತೆ ಈ ಕಡೆ ಬಂದು ಖಂಡಿಸಲು ಬಾಯಿ ತೆರೆದರೆ ಏನೂ ಹೊಳೆಯಲಿಲ್ಲ. ಅಪ್ಪ ಲೋಟಕ್ಕೆ ಚಮಚ ಬಡಿದ.

"ಶಾಂತಾ, ಗೆದ್ದಿ ನೋಡು!" ಎಂದು ಒಳಗೆ ಕೂಗಿದ.

ಎಳ್ಳಮಾಸಿಯ ದಿನ ಬೆಳಕು ಹರಿಯುವ ಮೊದಲೇ ಹೊರಟೆವು. ಅತ್ತಿ ಸೈಕಲ್ ಮೇಲೆ, ಹಿಂದೆ ಅಪ್ಪನ ಮೋಟಾರ್‌ಸೈಕಲ್, ಅದರ ಹಿಂದಿನ ಸೀಟಿನಲ್ಲಿ ನಾನು, ನನ್ನ ಮಡಿಲಲ್ಲಿ ಅವ್ವ ಕಟ್ಟಿಕೊಟ್ಟ ಶೇಂಗಾ ಹೋಳಿಗೆ, ಮಾದಲಿ, ಸಜ್ಜಿ ರೊಟ್ಟಿಯ ಬುತ್ತಿ. ನಿಪ್ಪಾಣಿಯ ತನಕ ಅತ್ತಿ, ಅಲ್ಲಿಂದ ಮುಂದೆ ತವಂದಿ ಘಾಟ್ ಮಾತ್ರ ನಾನು, ಸಂಕೇಶ್ವರದಿಂದ ಮತ್ತೆ ಅತ್ತಿ ಎಂದು ಮಾತಾಗಿತ್ತು. ನಾನು ಹೆಲ್ಮೆಟ್ ಕೂಡ ತಂದಿದ್ದೆ.

ಗಾಣದ ಮನೆಗಳಿಂದ ಬೆಲ್ಲದ ಹೊಗೆ ರಸ್ತೆಗೆ ಇಳಿದಿತ್ತು. ಬೋರಗಾಂವದ ಕಡೆ ಕಬ್ಬಿನ ಟ್ರಾಲಿಗಳು ಡಾಂಬರನ್ನು ಕೆತ್ತಿ ಹಾಕಿದ್ದವು. ಮರಾಠಿ ಫಲಕಗಳು ಹೋಗಿ ಕನ್ನಡ ಫಲಕಗಳು ಬಂದವು. ಅತ್ತಿಯ ಬೈಗುಳಕ್ಕೆ ಮಾತ್ರ ಯಾವ ಗಡಿಯೂ ಇರಲಿಲ್ಲ. ಪ್ರತಿ ತಗ್ಗಿಗೂ ಒಂದೊಂದು. ನಿಪ್ಪಾಣಿಯಲ್ಲಿ ಚಹಾಕ್ಕೆ ಇಳಿದಾಗ ಕಪ್ಪು ಹಿಡಿಯಲು ಬೆರಳು ಮಡಚುತ್ತಿರಲಿಲ್ಲ.

"ಕೈ ಜೋಂ ಹಿಡದಾವು. ಭುಜಾ ನಂದೋ ಮಂದೀದೋ ತಿಳೀವಲ್ತು," ಎಂದಳು. ಮೊದಲ ಬಾರಿಗೆ ಅವಳ ಮುಖದಲ್ಲಿ ಅಳುಕು ಕಂಡೆ.

ನಾನು ಹೋಗಿ ಟೈರಿಗೆ ಹೆಬ್ಬೆರಳು ಒತ್ತಿದೆ. ಕಲ್ಲು. ಅಪ್ಪನ ಕಡೆ ತಿರುಗಿದೆ.

ಅಪ್ಪ ಬಸ್‌ಸ್ಟ್ಯಾಂಡಿನ ಗಡಿಯಾರ ನೋಡುತ್ತ, "ಇಷ್ಟ ದೂರ ಹೊಂಟಾಳ, ಖಾಲಿ ಟೈರ ಮ್ಯಾಲ ಹೆಂಗ ಕಳಸೋದು ಅಂತ... ಮುಂಜಾನೆ ಎದ್ದು ಚಲೋತ್ನ್ಯಾಗ ಹೊಡದೆ," ಎಂದ.

ನಾನು ಎರಡೂ ಟೈರಿನಿಂದ ಗಾಳಿ ಬಿಟ್ಟೆ. ಆ ಸುಂಯ್ ಎಂಬ ಸದ್ದಿನಲ್ಲಿ ನನಗೆ ಯಾವ ಟ್ರೋಫಿಯಲ್ಲೂ ಸಿಗದ ಸುಖ ಸಿಕ್ಕಿತು. ಅತ್ತಿ ಕೈ ಕೊಡವಿ, ಸೈಕಲ್ ಹತ್ತಿ, ಬಸ್‌ಸ್ಟ್ಯಾಂಡಿನ ಮುಂದಿನ ತಗ್ಗುಗಳ ಮೇಲೆ ಒಂದು ಸುತ್ತು ಹಾಕಿ ಬಂದಳು.

"ಯಣ್ಣಾ, ಇನ್ನೊಮ್ಮೆ ಪಂಪ ಮುಟ್ಟಿದ್ರ ನಿನ್ನ ಗಾಳಿ ಬಿಡ್ತೇನಿ ನೋಡು," ಎಂದವಳು ನಿಲ್ಲಲಿಲ್ಲ. ಘಾಟಿನ ಕಡೆ ಹೊರಟೇಬಿಟ್ಟಳು.

"ಅತ್ತಿ! ಘಾಟ್ ನಂದು! ಮಾತಾಗೈತಿ!" ನಾನು ನೀಲಿ ನೂಲಿನ ನೆನಪು ಮಾಡಿಕೊಡುತ್ತ ಹಿಂದೆ ಕೂಗಿದೆ. ಮೋಟಾರ್‌ಸೈಕಲ್ ಪಕ್ಕಕ್ಕೆ ತಂದಾಗ ಅವಳು ತಲೆ ತಿರುಗಿಸದೆಯೇ ಹೇಳಿದಳು.

"ಅಕ್ಕ ಮೊದಲ ಕೇಳೋದು ಘಾಟಿನ ಸುದ್ದಿ. ಏನ ಹೇಳ್ಲಿ?"

ನಾನು ತಂದ ಹೆಲ್ಮೆಟ್ಟನ್ನು ಬುತ್ತಿಯ ಜೊತೆ ಮಡಿಲಲ್ಲೇ ಇಟ್ಟುಕೊಂಡೆ.

ಏರು ಶುರುವಾಯಿತು. ಸರಪಳಿ ಕಟಕಟನೆ ಒಂದೊಂದೇ ಚಕ್ರ ಹತ್ತಿ ಕೊನೆಗೆ ಆ ರೊಟ್ಟಿಯ ಮೇಲೆ ಕೂತಿತು. ಅತ್ತಿಯ ಕಾಲುಗಳು ಭರಭರ ತಿರುಗುತ್ತಿದ್ದವು, ಸೈಕಲ್ ಮಾತ್ರ ಇರುವೆಯ ಹಾಗೆ. ಕಾಂಡಿ ಮಷೀನಿನ ಮುಂದೆ ಕೂತ ಅದೇ ಮುಖ: ಎಲ್ಲೂ ಅವಸರವಿಲ್ಲ, ಎಲ್ಲೂ ನಿಲ್ಲುವ ವಿಚಾರವಿಲ್ಲ. ಎರಡು ಟ್ರಾಲಿ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರ್ ಒಂದು ಹಾಡು ಹಾಕಿಕೊಂಡು ಅವಳಷ್ಟೇ ನಿಧಾನವಾಗಿ ಏರುತ್ತಿತ್ತು. ಕಬ್ಬಿನ ಮೇಲೆ ಕೂತ ಕೂಲಿಯವರು ಮೊದಲು ಬೆರಗಾಗಿ ನೋಡಿದರು, ಆಮೇಲೆ ಚಪ್ಪಾಳೆ ಶುರುಮಾಡಿದರು.

"ಚಲ್ ಮಾವಶೀ, ಚಲ್! ಟ್ರ್ಯಾಕ್ಟರಲಾ ಹರವ!"

ಸೋಲಿಸುವುದು ಆಗಲಿಲ್ಲ. ಸಮಸಮವಾಗಿ ಏರಿದರು. ಮೇಲೆ ಮುಟ್ಟಿದಾಗ ಡ್ರೈವರ್ ಉದ್ದಕ್ಕೆ ಹಾರ್ನ್ ಬಾರಿಸಿದ. ಅತ್ತಿ ಒಂದು ಕಾಲು ನೆಲಕ್ಕೂರಿ, ಉಸಿರು ಬಂದ ಮೇಲೆ ಹಿಂದಿನ ಗಾಲಿಯ ಕಡೆ ಬೆರಳು ತೋರಿಸಿದಳು.

"ವಕೀಲಬಾಯಿ, ರೊಟ್ಟಿ ಹೆಂಗೈತಿ?"

"ದಾಖಲಾತು," ಎಂದೆ.

ಮಹಾಗಾಂವದ ಹೊಲ ಮುಟ್ಟಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಚರಗದ ಬುಟ್ಟಿಗಳು ತಯಾರಿದ್ದವು, ಯಾರೂ ಚೆಲ್ಲಿರಲಿಲ್ಲ. ಕಾಯುತ್ತಿದ್ದರು. ಬಂಡಿದಾರಿಯ ಮೇಲೆ ಅಪ್ಪನ ಅಂಗಿ ತೊಟ್ಟು, ಹೆಲ್ಮೆಟ್ ಹಾಕಿ ತುಳಿದು ಬರುತ್ತಿರುವವಳು ಯಾರು ಎಂದು ಗುರುತು ಹತ್ತಿದ ಕೂಡಲೇ ಹೊಲವೆಲ್ಲ ಎದ್ದು ನಿಂತಿತು. ದೊಡ್ಡ ಅತ್ತಿ ಮಾತ್ರ ಕದಲಲಿಲ್ಲ. ತಂಗಿ ಹತ್ತಿರ ಬಂದು ಇಳಿಯುವ ತನಕ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ತಂಗಿಯನ್ನು ಮೇಲಿಂದ ಕೆಳಗೆ ನೋಡಿದಳು. ಸೈಕಲ್ಲನ್ನು ಮುಂದಿನಿಂದ ಹಿಂದೆ ನೋಡಿದಳು.

"ಘಾಟ ಯಾರ ಹತ್ತಿಸಿದ್ರು?"

"ನಾನ."

ದೊಡ್ಡ ಅತ್ತಿ ಅಪ್ಪನ ಕಡೆ ನೋಡಿದಳು. ಅಪ್ಪ ತಲೆಯಾಡಿಸಿದ. ಅವಳ ಕಣ್ಣು ತುಂಬಿ ಬಂತು. ಅದನ್ನು ಮುಚ್ಚಿಡಲು ದನಿ ಎತ್ತರಿಸಿದಳು.

"ಖರೆ. ಆದ್ರ ನಾ ಕುಂಡರೋದ ಎಲ್ಲಿ? ಕ್ಯಾರಿಯರ್ ಎಲ್ಲೈತಿ ಇದಕ್ಕ?"

ಕರಾರಿನ ಆ ಭಾಗ ನಮ್ಮಿಬ್ಬರಿಗೂ ಮರೆತೇ ಹೋಗಿತ್ತು. ಸ್ಟ್ಯಾಂಡು, ಗಂಟೆ, ಕ್ಯಾರಿಯರ್ ಇಲ್ಲದ್ದನ್ನು ಅಪ್ಪ ಎತ್ತಿ ಎತ್ತಿ ಹೇಳಿದ್ದ. ನಾವು ನಕ್ಕು ಬಿಟ್ಟಿದ್ದೆವು. ನಾನು ಗಂಟಲು ಸರಿಮಾಡಿಕೊಂಡು, ಕ್ಯಾರಿಯರ್ ಎಂಬುದು ಕರಾರಿನ ಷರತ್ತಲ್ಲ, ಕೇವಲ ಆಸನವ್ಯವಸ್ಥೆ ಎಂದು ಶುರು ಮಾಡಿದೆ. ಶಾಂತಾ ಅತ್ತಿ ನನ್ನ ಬಾಯಿ ಮುಚ್ಚಿಸಿದಳು.

"ಹಿಂದ ಕುಂಡರಾಕ ಜಾಗಾ ಇಲ್ಲಕ್ಕಾ. ಮುಂದ ಐತಿ. ನೀ ತುಳಿ."

"ನಾನ? ಈ ವಯಸ್ಸಿನ್ಯಾಗ? ಹುಚ್ಚಿ ಅದಿ ಏನ?"

"ನನ್ನ ಹೇರಿಕೊಂಡ ತುಳದಿ ಅಷ್ಟ ವರ್ಷಾ. ಒಮ್ಮೆ ಖಾಲಿ ತುಳದ ನೋಡಲಾ."

ದೊಡ್ಡ ಅತ್ತಿ ಸುತ್ತ ನೋಡಿದಳು. ಸೊಸೆಯಂದಿರು ಬಾಯಿಗೆ ಸೆರಗು ಹಿಡಿದಿದ್ದರು. ಅವಳು ಸೀರೆ ಎಳೆದು ಕಚ್ಚೆ ಬಿಗಿದಳು. ನಾನು ಓಡಿಹೋಗಿ ಸೀಟು ಕೆಂಪು ನೂಲಿಗಿಂತಲೂ ಕೆಳಗೆ ಇಳಿಸಿದೆ. ಶಾಂತಾ ಅತ್ತಿ ಹಿಂದಿನಿಂದ ಸೀಟು ಹಿಡಿದಳು. ಒಂದು ಹೊಯ್ದಾಟ, ಎರಡು ಚೀರಾಟ, "ಬಿಡಬ್ಯಾಡಲೇ ಶಾಂತಿ, ಬಿಡಬ್ಯಾಡ!" ಎಂಬ ಕೂಗು, ಅಷ್ಟರಲ್ಲಿ ಶಾಂತಿ ಬಿಟ್ಟಾಗಿತ್ತು. ದೊಡ್ಡ ಅತ್ತಿ ಬಂಡಿದಾರಿಗುಂಟ ತಾನೇ ಹೋದಳು. ಹಿಂದೆ ಯಾರ ಭಾರವೂ ಇಲ್ಲದೆ, ನೆಟ್ಟಗೆ, ಬಾಯ್ತುಂಬ ನಗುತ್ತ. ಹೊಲದ ಮೂಲೆಯಲ್ಲಿ ತಿರುಗಿಸಲು ಬರದೆ ಜೋಳದೊಳಗೆ ನುಗ್ಗಿ ನಿಂತಳು. ಅದೇ ಹೊತ್ತಿಗೆ ಯಾರೋ ತಡೆಯಲಾರದೆ "ಹುಲಿಗ್ಯೋ!" ಎಂಬ ಹಬ್ಬದ ಕೂಗು ಹಾಕಿ ಚರಗ ಚೆಲ್ಲಿದರು. ಆ ವರ್ಷ ಭೂಮಿತಾಯಿಗಿಂತ ಮೊದಲು ದೊಡ್ಡ ಅತ್ತಿಯ ತಲೆಯ ಮೇಲೆ ಚರಗ ಬಿತ್ತು.

ಉಂಡಾದ ಮೇಲೆ ಅವಳೇ ಸೈಕಲ್ ಬಳಿ ಬಂದು ಆ ನೂಲುಗಳು ಏನೆಂದು ಕೇಳಿದಳು. ಹೇಳಿದೆ. ಪೂಜೆಗೆ ತಂದ ಅರಿಸಿನದ ದಾರದಲ್ಲಿ ಒಂದು ತುಂಡು ಹರಿದು ತಂಗಿಯ ಕೈಗೆ ಕೊಟ್ಟಳು. ಶಾಂತಾ ಅತ್ತಿ ಅಕ್ಕನಿಗಾಗಿ ಇಳಿಸಿದ್ದ ಸೀಟಿನ ಎತ್ತರಕ್ಕೆ ಸರಿಯಾಗಿ ಅಳೆದು ಗಂಟು ಹಾಕಿದಳು.

ನನ್ನ ಇನ್ನೂರು ಕಿಲೋಮೀಟರ್ ಆ ಚಳಿಗಾಲ ಮುಗಿಯುವುದರೊಳಗೆ ಆಯಿತು. ಅಲ್ಲೊಂದು ಏರಿನಲ್ಲಿ ರೊಟ್ಟಿಯ ಮೇಲೆ ಸರಪಳಿ ಹಾಕಿದ್ದನ್ನು ಮನೆಯಲ್ಲಿ ಇನ್ನೂ ಹೇಳಿಲ್ಲ.

ಹೋದ ವಾರ ಮೆಕ್ಯಾನಿಕ್ ಎಲ್ಲ ಒರೆಸಿ, ಎಣ್ಣೆ ಹಾಕಿ, ಕಡೆಗೆ ಸೀಟಿನ ಬೋಲ್ಟ್ ಹಿಡಿದು, ಎಷ್ಟು ಎತ್ತರಕ್ಕೆ ಇಡಲಿ ಎಂದು ಕೇಳಿದ. "ಸೀಟ್ ಕುಠಂ ಠೇವೂ, ತಾಈ?"

ನಾಡಿದ್ದು ಎಳ್ಳಮಾಸಿ. ದಾರಿಯುದ್ದಕ್ಕೂ ಸೀಟು ಏರಿಸಿ ಇಳಿಸಿ ತುಳಿಯುವವರು ನಾವಿಬ್ಬರೇ. ಆದರೂ ಅವನು ಮೂರು ನೂಲನ್ನೂ ಬೆರಳಿನಲ್ಲಿ ಎತ್ತಿ ಹಿಡಿದು ಕಾಯುತ್ತಿದ್ದಾಗ, ನಾನು ಗಿಡ್ಡ ಹಳದಿಯನ್ನು ತೋರಿಸಿದೆ. ಅದು ಸರಿಯಾಗಿ ಮುಟ್ಟುತ್ತದೆಯೋ ಇಲ್ಲವೋ ಎಂದು ಒಮ್ಮೆ ನೋಡಿಕೊಂಡು ಹೋಗಬೇಕಿತ್ತು. ಮಹಾಗಾಂವದಲ್ಲಿ ಒಬ್ಬರು ಈಗಾಗಲೇ ಕಚ್ಚೆ ಬಿಗಿದು ನಿಂತಿರುತ್ತಾರೆ.